ಲಕ್ಕೋಟೆ ಮರಕ್ಕೆ ಎಂಟು ವರ್ಷ, ಇನ್ನೂ ಹೂವಿಲ್ಲ. ಆಯುಧಪೂಜೆಗೆ ಮುಂಚೆ ಸವರಿಸಲಾ, ಬೇಡವಾ?

ಆರ್‌ಆರ್‌ನಗರ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿದೆ. ಗೇಟಿನ ಬಲಗಡೆ ಒಂದು ಲಕ್ಕೋಟೆ ಹಣ್ಣಿನ (ಇಂಗ್ಲಿಷಿನಲ್ಲಿ ಲೋಕ್ವಾಟ್) ಮರ ಇದೆ. ಗೃಹಪ್ರವೇಶ ಆದ ವರ್ಷ ನೆಟ್ಟಿದ್ದು. ಆಗ ಮೊಣಕಾಲುದ್ದ ಇತ್ತು, ಈಗ ಮೊದಲ ಮಹಡಿಯ ಸಜ್ಜಾ ಮುಟ್ಟುತ್ತಿದೆ. ನೋಡೋದಕ್ಕೆ ತುಂಬಾ ಚೆಂದ. ಒಂದೊಂದು ಎಲೆಯೂ ಗೇಣುದ್ದ. ಮೇಲೆ ಕಡುಹಸಿರು, ಕೆಳಗೆ ಕಂದು ಬಣ್ಣದ ನವಿರು. ಬೀದಿಯ ಬೇರೆ ಮರಗಳೆಲ್ಲ ಎಲೆ ಉದುರಿಸಿ ಬೋಳಾದಾಗಲೂ ನಮ್ಮದು ಹಸಿರಾಗಿಯೇ ಇರುತ್ತದೆ. ಮನೆಗೆ ಬಂದವರೆಲ್ಲ ಮೊದಲು ಕೇಳೋದೇ ಇದೇನು ಮರ ಅಂತ.

ಆದರೆ ಈ ಎಂಟು ವರ್ಷದಲ್ಲಿ ಒಂದು ಹಣ್ಣು ಕಂಡಿಲ್ಲ. ಹಣ್ಣು ಹಾಗಿರಲಿ, ಹೂವನ್ನೇ ನೋಡಿಲ್ಲ. ನರ್ಸರಿಯವರು ಕಸಿ ಗಿಡ, ಮೂರು ವರ್ಷಕ್ಕೆ ಹಣ್ಣು ಅಂತ ಹೇಳಿ ಕೊಟ್ಟಿದ್ದರು.

ನಾವು ಮಾಡುತ್ತಿರುವ ಆರೈಕೆ ಹೇಳುತ್ತೇನೆ. ಮಾಲಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಯುಗಾದಿ ಆದ ಮೇಲೆ ಒಂದು ಸಲ, ಆಯುಧಪೂಜೆಗೆ ವಾರ ಮುಂಚೆ ಇನ್ನೊಂದು ಸಲ. ಗೇಟಿಗೆ ಬಾಳೆಕಂದು ಕಟ್ಟುತ್ತೇವಲ್ಲ, ಅಷ್ಟೊತ್ತಿಗೆ ಮರ ದುಂಡಗೆ ಕಾಣಬೇಕು ಅಂತ ಸುತ್ತಲೂ ಒಂದೇ ಸಮನೆ ಕತ್ತರಿಸುತ್ತಾರೆ. ಬುಡದ ಸುತ್ತ ಹುಲ್ಲುಹಾಸು ಇದೆ. ಅದಕ್ಕೆ ದಿನಾ ನೀರು, ತಿಂಗಳಿಗೊಮ್ಮೆ ಯೂರಿಯಾ. ಮರಕ್ಕೂ ಸಿಗುವುದು ಅದೇ. ಬಿಸಿಲು ಬೆಳಿಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ಚೆನ್ನಾಗಿ ಬೀಳುತ್ತದೆ.

ನಮ್ಮ ಮಾವನವರು "ಗೊಡ್ಡು ಮರ, ತೆಗೆಸಿ ಒಂದು ತೆಂಗು ಹಾಕೋಣ" ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಮುಂದಿನ ವಾರ ಮಾಲಿ ಬರುತ್ತಾರೆ. ಈ ಸಲ ಸ್ವಲ್ಪ ಜಾಸ್ತಿಯೇ ಸವರಿಸಿದರೆ ಹೊಸ ಚಿಗುರು ಬಂದು ಹೂ ಬಿಡಬಹುದಾ? ಅಥವಾ ಇದು ಗಂಡು ಮರ ಇರಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ತುಮಕೂರು_ತೋಟ

ನಮ್ಮ ಕಡೆ ಫಸಲು ಕೊಡದ ಮರದ ಕಾಂಡಕ್ಕೆ ಎರಡು ಮೂರು ಮೊಳೆ ಹೊಡೆಯುತ್ತಾರೆ. ಹಲಸಿಗೆ, ನುಗ್ಗೆಗೆ ಮಾಡಿದ್ದನ್ನು ನೋಡಿದ್ದೇನೆ. ಜೊತೆಗೆ ಒಂದು ತಿಂಗಳು ನೀರು ನಿಲ್ಲಿಸಿ. ಮರಕ್ಕೆ ಸ್ವಲ್ಪ ಕಷ್ಟ ಕೊಟ್ಟರೆ ಹೂ ಬಿಡುತ್ತದೆ. ದಿನಾ ನೀರು, ದಿನಾ ಗೊಬ್ಬರ ಸಿಗುವ ಮರಕ್ಕೆ ಹೂ ಬಿಡುವ ಯೋಚನೆ ಯಾಕೆ ಬರುತ್ತದೆ?

ಬಸವನಗುಡಿ_ಹಿತ್ತಲು

ಮೊದಲು ಮಾಲಿಗೆ ಫೋನ್ ಮಾಡಿ, ಲಕ್ಕೋಟೆ ಮರಕ್ಕೆ ಕತ್ತರಿ ಹಾಕಬೇಡಿ ಅಂತ ಹೇಳಿಬಿಡಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ನಿಮ್ಮದು ಗೊಡ್ಡು ಮರ ಅಲ್ಲ, ಗಂಡು ಮರವೂ ಅಲ್ಲ. ಲಕ್ಕೋಟೆಯಲ್ಲಿ ಗಂಡು ಮರ, ಹೆಣ್ಣು ಮರ ಅಂತ ಬೇರೆ ಇಲ್ಲ. ಒಂದೇ ಹೂವಿನಲ್ಲಿ ಎರಡೂ ಇರುತ್ತದೆ. ನನಗೆ ಕಾಣುವ ಪ್ರಕಾರ ನಿಮ್ಮ ಮರ ಹೂ ಬಿಡಲು ತಯಾರಾಗುವ ಹೊತ್ತಿಗೇ ಕತ್ತರಿ ಬಂದುಬಿಡುತ್ತಿದೆ.

ಲಕ್ಕೋಟೆ ಹೂ ಬರುವುದು ಮಾವಿನ ಹಾಗೆ ಕುಡಿಯಲ್ಲಿ. ನುಗ್ಗೆಯ ಹಾಗೆ ಎಲ್ಲೆಂದರಲ್ಲಿ ಬರುವುದಿಲ್ಲ, ಹಲಸಿನ ಹಾಗೆ ಕಾಂಡದಲ್ಲೂ ಬರುವುದಿಲ್ಲ. ಬೇಸಿಗೆ ಮಳೆ ಬಿದ್ದ ಮೇಲೆ ಹೊಸ ರೆಂಬೆ ಹೊರಡುತ್ತದೆ. ಮಳೆಗಾಲ ಪೂರ್ತಿ ಬೆಳೆದು ಬಲಿಯುತ್ತದೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಆ ರೆಂಬೆಯ ತುದಿ ಎಲೆ ಬಿಡುವುದನ್ನು ನಿಲ್ಲಿಸಿ ಹೂಗೊಂಚಲಾಗುತ್ತದೆ. ನೀವು ದಸರೆಗೆ ಸುತ್ತಲೂ ಒಂದೇ ಸಮನೆ ಕತ್ತರಿಸಿದರೆ ಆ ವರ್ಷದ ಗೊಂಚಲೆಲ್ಲ ಕಸದ ಗಾಡಿಗೆ ಹೋಯಿತು ಅಂತಲೇ ಅರ್ಥ. ಸವರಿದ ಮೇಲೆ ಮರ ಮತ್ತೆ ಚಿಗುರುತ್ತದೆ, ನಿಜ. ಆದರೆ ಆ ಚಿಗುರು ಬಲಿಯುವಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತದೆ. ಯುಗಾದಿ ಹೊತ್ತಿಗೆ ಇನ್ನೊಂದು ಸಲ ಕತ್ತರಿ. ಹೀಗೇ ವರ್ಷ ಉರುಳುತ್ತದೆ. ಮರ ಆರೋಗ್ಯವಾಗಿರುತ್ತದೆ, ಎಲೆ ದಟ್ಟವಾಗಿ ಬರುತ್ತದೆ, ಹೂ ಮಾತ್ರ ಇಲ್ಲ. ನೀವು ಬರೆದದ್ದೂ ಇದೇ ಅಲ್ವಾ?

ಈಗ ಒಂದು ಕೆಲಸ ಮಾಡಿ. ಏಣಿ ಹಾಕಿಕೊಂಡು, ಇಲ್ಲವೇ ಸಜ್ಜಾದ ಮೇಲಿಂದ ಬಗ್ಗಿ ರೆಂಬೆಗಳ ತುದಿ ನೋಡಿ. ಎಲೆಯ ಕುಡಿಯಾದರೆ ಚೂಪಾಗಿರುತ್ತದೆ, ಬೆಳ್ಳಗೆ ನವಿರು ಹೊದ್ದ ಎಳೆ ಎಲೆಗಳು ಮೇಲಕ್ಕೆ ನೆಟ್ಟಗೆ ನಿಂತಿರುತ್ತವೆ. ಹೂವಿನ ಮೊಗ್ಗಾದರೆ ತುದಿ ಮೊಂಡಾಗಿ, ದಪ್ಪವಾಗಿ, ತುಕ್ಕಿನ ಬಣ್ಣದ ಉಣ್ಣೆ ಸುತ್ತಿದಂತೆ ಕಾಣುತ್ತದೆ. ಬೆರಳಲ್ಲಿ ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗಿರುತ್ತದೆ. ಒಂದೊಂದು ಗೊಂಚಲಲ್ಲಿ ಮೂವತ್ತರಿಂದ ನೂರು ಹೂವಿರುತ್ತದೆ. ಎಲ್ಲೋ ಮೂಲೆಯಲ್ಲಿ ಕತ್ತರಿಗೆ ಸಿಗದ ರೆಂಬೆ ಇದ್ದರೆ ಅಲ್ಲಿ ಮೊದಲು ಹುಡುಕಿ.

ಇನ್ನು ನರ್ಸರಿ ಮಾತು. ಕಸಿ ಗಿಡವಾದರೆ ನೆಲದಿಂದ ಒಂದು ಗೇಣಿನೊಳಗೆ ಕಾಂಡದಲ್ಲಿ ಸೇರಿಸಿದ ಗುರುತು ಇರುತ್ತದೆ. ಸ್ವಲ್ಪ ಉಬ್ಬು, ಕೆಳಗಿನ ತೊಗಟೆ ಒಂದು ತರಹ, ಮೇಲಿನದು ಇನ್ನೊಂದು ತರಹ. ಕಾಂಡ ಬುಡದಿಂದ ಮೇಲಿನವರೆಗೂ ಒಂದೇ ನಯವಾಗಿದ್ದರೆ ಅದು ಬೀಜದ ಗಿಡವೇ. ಬೀಜದ ಗಿಡ ಹಣ್ಣು ಬಿಡಲು ಆರರಿಂದ ಎಂಟು ವರ್ಷ ಬೇಕು, ಕೆಲವಕ್ಕೆ ಹತ್ತೂ ಆಗುತ್ತದೆ. ಹಾಗಿದ್ದರೂ ನಿಮ್ಮ ಮರ ಈಗ ವಯಸ್ಸಿಗೆ ಬಂದಿದೆ. ಇಷ್ಟು ದಿನ ಕಾದು ಈಗ ಕಡಿಯುವುದು ಅನ್ಯಾಯ. ನಿಮ್ಮ ಮಾವನವರಿಗೆ ಬರುವ ಮಾರ್ಚ್ ತನಕ ಸಮಯ ಕೊಡಿ ಅಂತ ಕೇಳಿಕೊಳ್ಳಿ. ನನ್ನ ಹೆಸರಲ್ಲೇ ಕೇಳಿ ಬೇಕಾದರೆ.

ಯೂರಿಯಾ ನಿಲ್ಲಿಸಿ. ಹುಲ್ಲಿಗೆ ಬೇಕಾದದ್ದು ಎಲೆ, ಅದಕ್ಕೆ ಯೂರಿಯಾ ಸರಿ. ಲಕ್ಕೋಟೆಗೆ ಸಾರಜನಕ ಜಾಸ್ತಿಯಾದರೆ ಸುಮ್ನೆ ಎಲೆ ಮೇಲೆ ಎಲೆ ಬಿಡುತ್ತಾ ಹೋಗುತ್ತದೆ. ಕೊಂಬೆಯ ನೆರಳು ಬೀಳುವಷ್ಟು ಅಗಲಕ್ಕೆ ಹುಲ್ಲು ತೆಗೆಸಿ ಪಾತಿ ಮಾಡಿ. ಅಗೆಯಬೇಡಿ, ಇದರ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಹುಲ್ಲು ಕೆತ್ತಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ ಹಾಕಿ, ಮೇಲೆ ಅದರದೇ ತರಗೆಲೆ ಮುಚ್ಚಿ. ಲಕ್ಕೋಟೆ ಎಲೆ ಚರ್ಮದ ಹಾಗೆ ದಪ್ಪ, ಬೇಗ ಕೊಳೆಯುವುದಿಲ್ಲ. ಅದಕ್ಕೇ ಹೊದಿಕೆಗೆ ಒಳ್ಳೆಯದು. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಡಿ.

ತುಮಕೂರಿನವರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀರಿನ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಹುರುಳಿದೆ. ಹಣ್ಣು ಮುಗಿದ ಮೇಲೆ ಬೇಸಿಗೆಯಲ್ಲಿ ನೀರು ಸ್ವಲ್ಪ ಬಿಗಿ ಹಿಡಿದರೆ ಹೂ ಬೇಗ ಬರುತ್ತದೆ. ಸ್ಪೇನ್ ದೇಶದ ಲಕ್ಕೋಟೆ ತೋಟಗಳಲ್ಲಿ ಬೇಕೆಂದೇ ಹೀಗೆ ಮಾಡುತ್ತಾರೆ. ಆದರೆ ಮೊಗ್ಗು ಹೊರಡುವ ಈ ಸಮಯದಲ್ಲಿ ಒಣಗಿಸಬಾರದು. ಮೊಳೆಯನ್ನಂತೂ ಖಂಡಿತ ಹೊಡೆಯಬೇಡಿ. ಅದು ಗಾಯ. ಗಾಯದಲ್ಲಿ ಕೊಳೆ ರೋಗ ಸೇರುತ್ತದೆ, ಹುಳು ಸೇರುತ್ತದೆ. ಲಕ್ಕೋಟೆಗೆ ತೊಗಟೆ ತಿನ್ನುವ ಹುಳುವಿನ ಕಾಟ ಮೊದಲೇ ಇದೆ.

ಆರ್‌ಆರ್‌ನಗರ_ಮನೆ

ಮೇಡಂ, ನಿಮಗೆ ಹೇಗೆ ಧನ್ಯವಾದ ಹೇಳಲಿ! ಇವತ್ತು ಬೆಳಿಗ್ಗೆ ಸಜ್ಜಾದ ಮೇಲೆ ಹೋಗಿ ನೋಡಿದೆ. ಪಕ್ಕದ ಮನೆಯ ಗೋಡೆ ಕಡೆ, ಮಾಲಿಯ ಕತ್ತರಿ ತಲುಪದ ಜಾಗದಲ್ಲಿ ಮೂರು ರೆಂಬೆ ಇದೆ. ಮೂರರ ತುದಿಯಲ್ಲೂ ನೀವು ಹೇಳಿದ ಹಾಗೇ ತುಕ್ಕಿನ ಬಣ್ಣದ ಮೊಂಡು ಮೊಗ್ಗು. ಮುಟ್ಟಿ ನೋಡಿದೆ, ಮೆತ್ತಗಿದೆ. ಒಂದರಲ್ಲಿ ಆಗಲೇ ಕವಲು ಕವಲಾಗಿ ಬಿಡಿಸಿಕೊಳ್ಳುತ್ತಿದೆ. ಗೇಟಿನ ಕಡೆಯ ದುಂಡು ಭಾಗದಲ್ಲೂ ಎರಡು ಮೂರು ಕಡೆ ತುದಿ ದಪ್ಪ ಅನಿಸಿತು, ಖಾತ್ರಿ ಇಲ್ಲ. ಮಾವನವರನ್ನೂ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಕೆಳಗೆ ಬಂದು ತಾವೇ ಮಾಲಿಗೆ ಫೋನ್ ಮಾಡಿದರು!

ಕಾಂಡ ಬುಡದಿಂದ ನಯವಾಗಿಯೇ ಇದೆ. ಕಸಿ ಗುರುತು ಕಾಣಲಿಲ್ಲ.

ಈಗ ಮುಂದಿನ ಪ್ರಶ್ನೆ. ಹೂ ಬಂದ ಮೇಲೆ ಏನು ಮಾಡಬೇಕು? ಔಷಧಿ ಹೊಡೆಯಬೇಕಾ? ಮತ್ತೆ ಮರವನ್ನು ಯಾವಾಗಲೂ ಸವರಲೇಬಾರದಾ? ಗೇಟಿನ ಮೇಲೆ ಬೆಳೆದರೆ ಕಾರು ಹೋಗುವುದು ಕಷ್ಟ. ಇನ್ನೊಂದು, ಕಾಂಡದಲ್ಲಿ ಒಂದು ಕಡೆ ಮರದ ಪುಡಿ ಅಂಟಿಕೊಂಡ ಜೇಡರ ಬಲೆಯಂಥದ್ದು ಇದೆ. ಅದೇನಾ ನೀವು ಹೇಳಿದ ಹುಳು?

ಬಸವನಗುಡಿ_ಹಿತ್ತಲು

ಓದಿ ತುಂಬಾ ಖುಷಿಯಾಯಿತು. ಕತ್ತರಿ ತಲುಪದ ರೆಂಬೆಯಲ್ಲೇ ಮೊಗ್ಗು ಇದೆ ಅಂದರೆ ಇನ್ನು ಅನುಮಾನವೇ ಬೇಡ.

ಹುಳುವಿನಿಂದ ಶುರು ಮಾಡುತ್ತೇನೆ, ಅದು ಅವಸರದ್ದು. ಹೌದು, ಅದೇ. ಹಗಲು ಕಾಂಡದೊಳಗೆ ಅವಿತಿರುತ್ತದೆ, ರಾತ್ರಿ ಆ ಬಲೆಯ ಕೆಳಗೇ ಹೊರಬಂದು ತೊಗಟೆ ಮೇಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಲೆ, ಪುಡಿ ಎಲ್ಲ ತೆಗೆಯಿರಿ. ಕೆಳಗೆ ಪೆನ್ಸಿಲ್ ಹೋಗುವಷ್ಟು ತೂತು ಕಾಣುತ್ತದೆ, ಸಾಮಾನ್ಯವಾಗಿ ಕೊಂಬೆ ಕವಲೊಡೆಯುವ ಜಾಗದಲ್ಲಿ. ತೆಳ್ಳನೆಯ ತಂತಿ ತೂರಿಸಿ ತಿರುವಿ, ಹುಳು ಸಾಯುತ್ತದೆ. ಆಮೇಲೆ ಸೀಮೆಎಣ್ಣೆಯೋ ಪೆಟ್ರೋಲೋ ಅದ್ದಿದ ಹತ್ತಿ ತುರುಕಿ, ಮೇಲೆ ಹಸಿ ಜೇಡಿಮಣ್ಣು ಮೆತ್ತಿ. ವಾರ ಬಿಟ್ಟು ನೋಡಿ. ಹೊಸ ಪುಡಿ ಕಾಣಿಸದಿದ್ದರೆ ಮುಗಿಯಿತು.

ಹೂ ಬಿಟ್ಟಾಗ ಔಷಧಿ ಬೇಡವೇ ಬೇಡ. ನಮ್ಮ ಮರದಲ್ಲಿ ಹೂ ಅರಳಿದರೆ ಬೆಳಿಗ್ಗೆ ಎಂಟರ ಹೊತ್ತಿಗೆ ತುಡುವೆ ಜೇನಿನ ಸದ್ದು ಅಡುಗೆಮನೆಯ ಕಿಟಕಿಗೆ ಕೇಳುತ್ತದೆ. ಬಿಳಿ ಪುಟ್ಟ ಹೂ, ಐದು ಎಸಳು, ಬಾದಾಮಿಯ ಹಾಗೆ ಸಿಹಿ ವಾಸನೆ. ಸಂಜೆ ಗೇಟು ತೆಗೆದು ಒಳಗೆ ಬಂದರೆ ಪರಿಮಳ ಮೂಗಿಗೆ ಬಡಿಯುತ್ತದೆ. ಹಣ್ಣು ಬರಲಿ ಬಿಡಲಿ, ಈ ಒಂದಕ್ಕೇ ಈ ಮರ ಬೆಳೆಸಬಹುದು ಅಂತ ನನ್ನ ಅಭಿಪ್ರಾಯ. ಜೇನು ಬರದಿದ್ದರೆ ಕಾಯಿ ಕಚ್ಚುವುದು ಕಡಿಮೆ. ಹಲವು ತಳಿಗಳಿಗೆ ತನ್ನದೇ ಪರಾಗ ಅಷ್ಟಾಗಿ ಹಿಡಿಸುವುದಿಲ್ಲ. ಉತ್ತರದಲ್ಲಿ ಸಹಾರನ್‌ಪುರ, ಡೆಹ್ರಾಡೂನ್ ಕಡೆ ಲಕ್ಕೋಟೆಯನ್ನು ತೋಟವಾಗಿಯೇ ಬೆಳೆಯುತ್ತಾರೆ. ಗೋಲ್ಡನ್ ಯೆಲ್ಲೋ, ಪೇಲ್ ಯೆಲ್ಲೋ, ಟನಾಕಾ ಅಂತ ತಳಿಗಳಿವೆ. ಅಂಥ ತೋಟಗಳಲ್ಲಿ ಎರಡು ಮೂರು ತಳಿ ಬೆರೆಸಿ ನೆಡುವುದು ಇದಕ್ಕೇ. ನಿಮ್ಮ ಬೀದಿಯಲ್ಲಿ ಇನ್ನೊಂದು ಮರ ಇದ್ದರೆ ಅದೃಷ್ಟ. ಇಲ್ಲದಿದ್ದರೂ ಒಂದಷ್ಟು ಕಾಯಿ ನಿಲ್ಲುತ್ತದೆ, ಚಿಂತೆ ಬೇಡ.

ನಮ್ಮಂಥ ಬೆಚ್ಚನೆಯ ಊರಲ್ಲಿ ಹೂ ಒಂದೇ ಸಲ ಬರುವುದಿಲ್ಲ, ಎರಡು ಮೂರು ಸರದಿಯಲ್ಲಿ ಬರುತ್ತದೆ. ಮೊದಲ ಸರದಿ ಉದುರಿದರೆ ಅಳಬೇಡಿ. ಕಾಯಿ ಹೆಚ್ಚಾಗಿ ನಿಲ್ಲುವುದು ಎರಡನೆಯದರಲ್ಲಿ. ಹೂ ಪೂರ್ತಿ ಅರಳಿದ ಮೇಲೆ ಹಣ್ಣಿಗೆ ಸುಮಾರು 90 ದಿನ ಹಿಡಿಯುತ್ತದೆ.

ಕಾಯಿ ಬಟಾಣಿ ಗಾತ್ರ ಆದಾಗ ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಕೆಲಸ ಮಾಡಬೇಕು. ಒಂದು ಗೊಂಚಲಲ್ಲಿ ಹದಿನೈದು ಇಪ್ಪತ್ತು ಕಚ್ಚಿದ್ದರೆ ಐದಾರು ಉಳಿಸಿ ಉಳಿದದ್ದನ್ನು ಸಣ್ಣ ಕತ್ತರಿಯಿಂದ ತೆಗೆಯಿರಿ. ಎಲ್ಲವನ್ನೂ ಬಿಟ್ಟರೆ ಹಣ್ಣು ಗೋಲಿಯಷ್ಟೇ ಆಗಿ, ಒಳಗೆ ಬರೀ ಬೀಜ ತುಂಬಿರುತ್ತದೆ. ನಮ್ಮ ಅತ್ತೆಯವರು ನೆಟ್ಟ ಮರ ಇದು. ಅವರಿದ್ದಾಗ ಹೀಗೆ ಕಾಯಿ ತೆಗೆಯಲು ಬಿಡುತ್ತಿರಲಿಲ್ಲ, ದೇವರು ಕೊಟ್ಟದ್ದನ್ನು ಕೀಳಬಾರದು ಎನ್ನುತ್ತಿದ್ದರು. ಒಂದು ಕೊಂಬೆಯಲ್ಲಿ ಮಾತ್ರ ಮಾಡಿ ತೋರಿಸಿದೆ. ಹಣ್ಣು ಎರಡರಷ್ಟು ದಪ್ಪ ಬಂದದ್ದು ನೋಡಿ, ಮುಂದಿನ ವರ್ಷದಿಂದ ಅವರೇ ಕುರ್ಚಿ ಹಾಕಿಕೊಂಡು ಕೂತು ಕೆಳಗಿನ ಕೊಂಬೆಗಳದ್ದು ತೆಗೆಯುತ್ತಿದ್ದರು.

ಆಮೇಲೆ ಚೀಲ ಕಟ್ಟುವುದು. ಹಣ್ಣು ಬಣ್ಣ ತಿರುಗುವುದನ್ನು ನಿಮಗಿಂತ ಮೊದಲು ಅಳಿಲು ನೋಡುತ್ತದೆ, ಕೋಗಿಲೆ ನೋಡುತ್ತದೆ. ರಾತ್ರಿಗೆ ಬಾವಲಿ. ಹಣ್ಣಿನ ನೊಣ ಚುಚ್ಚಿದರೆ ಒಳಗೆ ಹುಳ. ಹಳೆಯ ಕಾಟನ್ ಪಂಚೆ ಹರಿದು ಹೊಲಿದ ಚೀಲ ಎಲ್ಲಕ್ಕಿಂತ ಒಳ್ಳೆಯದು. ಗಾಳಿ ಆಡುತ್ತದೆ, ಒಗೆದು ಮುಂದಿನ ವರ್ಷವೂ ಬಳಸಬಹುದು. ಪ್ಲಾಸ್ಟಿಕ್ ಕವರ್ ಕಟ್ಟಬೇಡಿ, ಒಳಗೆ ಬೆವರಿ ಕೊಳೆಯುತ್ತದೆ. ನಾನು ಮೇಲಿನ ಕೊಂಬೆಗಳಿಗೆ ಕಟ್ಟುವುದಿಲ್ಲ. ಅದು ಹಕ್ಕಿಗಳ ಪಾಲು. ಅವುಗಳಿಗೂ ಬೇಕಲ್ಲ.

ಈ ಹಣ್ಣು ಮರದಲ್ಲೇ ಮಾಗಬೇಕು. ಮಾವು, ಬಾಳೆಯ ಹಾಗೆ ಕಿತ್ತು ಅಕ್ಕಿ ಡಬ್ಬದಲ್ಲಿಟ್ಟರೆ ಹಣ್ಣಾಗುವುದಿಲ್ಲ, ಸುಮ್ನೆ ಬಾಡುತ್ತದೆ, ಹುಳಿ ಹುಳಿಯಾಗಿಯೇ ಉಳಿಯುತ್ತದೆ. "ಲಕ್ಕೋಟೆ ಹಣ್ಣು ಬರೀ ಹುಳಿ" ಎನ್ನುವವರಲ್ಲಿ ಮುಕ್ಕಾಲು ಪಾಲು ಜನ ತಿಂದದ್ದು ಹಳದಿಯಾದ ದಿನವೇ ಕಿತ್ತ ಹಣ್ಣು. ಹಳದಿ ಬಂದ ಮೇಲೂ ಕಾಯಿರಿ. ತೊಟ್ಟಿನ ಹತ್ತಿರದ ಹಸಿರು ಪೂರ್ತಿ ಹೋಗಿ, ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಿಟ್ಟುಕೊಡಬೇಕು. ಆಗ ಗೊಂಚಲನ್ನೇ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಹಣ್ಣನ್ನು ಹಿಡಿದು ಎಳೆದರೆ ಸಿಪ್ಪೆ ಹರಿಯುತ್ತದೆ, ಬೆರಳು ಒತ್ತಿದ ಕಡೆಯೆಲ್ಲ ಸಂಜೆಯೊಳಗೆ ಕಪ್ಪಾಗುತ್ತದೆ. ಅಂಗಡಿಯಲ್ಲಿ ಇದು ಅಪರೂಪ ಆಗಿರುವುದಕ್ಕೂ ಇದೇ ಕಾರಣ, ಸಾಗಿಸಲು ಬರುವುದಿಲ್ಲ. ಮನೆಯಲ್ಲಿ ಮರ ಇದ್ದವರಿಗೇ ಇದರ ನಿಜವಾದ ರುಚಿ.

ಮಕ್ಕಳಿದ್ದರೆ ಒಂದು ಎಚ್ಚರಿಕೆ. ಬೀಜ ನುಣ್ಣಗೆ, ಕಂದು ಬಣ್ಣದಲ್ಲಿ ಹೊಳೆಯುತ್ತದೆ, ಮಕ್ಕಳಿಗೆ ಆಟಕ್ಕೆ ಇಷ್ಟ. ಜಗಿಯಲು ಬಿಡಬೇಡಿ. ಸೇಬಿನ ಬೀಜದಲ್ಲಿರುವ ಅಮಿಗ್ಡಲಿನ್ ಇದರಲ್ಲೂ ಇದೆ, ಜಗಿದರೆ ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆಯಾಗುತ್ತದೆ. ಲಕ್ಕೋಟೆ ಸೇಬಿನ ವಂಶದ್ದೇ. ಜ್ಯೂಸ್ ಮಾಡುವಾಗ ಬೀಜ ತೆಗೆಯದೆ ಮಿಕ್ಸಿಗೆ ಹಾಕಲೇಬಾರದು.

ಸವರುವ ವಿಷಯ. ಖಂಡಿತ ಸವರಬಹುದು. ಹಣ್ಣು ಮುಗಿದ ಕೂಡಲೇ, ಅಂದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ನಿಮ್ಮ ಯುಗಾದಿ ಲೆಕ್ಕ ಸರಿಯಾಗಿಯೇ ಇದೆ, ಗೊಂಚಲು ಇನ್ನೂ ಮರದಲ್ಲಿದ್ದರೆ ಮಾತ್ರ ಎರಡು ವಾರ ಮುಂದೂಡಿ. ಬಿಡಬೇಕಾದದ್ದು ದಸರೆಯದ್ದು. ಸವರುವ ರೀತಿಯನ್ನೂ ಬದಲಾಯಿಸಬೇಕು. ಬೇಲಿ ಕತ್ತರಿಯಲ್ಲಿ ಹೊರಮೈ ಬೋಳಿಸಿದರೆ ಒಂದೊಂದು ಎಲೆಯೂ ಅರ್ಧ ಕತ್ತರಿಸಿ ಅಂಚು ಕಂದಾಗಿ ಅಸಹ್ಯ ಕಾಣುತ್ತದೆ. ಇಷ್ಟು ದೊಡ್ಡ ಎಲೆಯ ಮರಕ್ಕೆ ಅದು ಹೊಂದುವುದೇ ಇಲ್ಲ. ಕೈಕತ್ತರಿ ಹಿಡಿದು, ಗೇಟಿಗೆ ಅಡ್ಡ ಬರುವ ರೆಂಬೆಯನ್ನು ಅದು ಹುಟ್ಟಿದ ಕವಲಿನ ತನಕ ಹೋಗಿ ತೆಗೆಯಿರಿ. ಒಳಗೆ ಒಂದಕ್ಕೊಂದು ಉಜ್ಜುವ ರೆಂಬೆ, ಒಣಗಿದ್ದು, ನೆಲ ಮುಟ್ಟುವುದು, ಇಷ್ಟು ತೆಗೆದರೆ ಬೆಳಕು ಒಳಗೆ ಬೀಳುತ್ತದೆ. ಲಕ್ಕೋಟೆಗೆ ತಾನಾಗಿಯೇ ದುಂಡನೆಯ ಛತ್ರಿಯಂಥ ಆಕಾರ ಇದೆ. ಅದನ್ನು ಬಿಟ್ಟುಕೊಟ್ಟರೆ ಸಾಕು, ಅಂದವೂ ಉಳಿಯುತ್ತದೆ, ಹಣ್ಣೂ ಬರುತ್ತದೆ.

ಕಡಲತಡಿ_ಮನೆ

ಮೇಡಂ, ನಮ್ಮದು ಮಂಗಳೂರು. ಸಂಬಂಧಿಕರು ಬೆಂಗಳೂರಿನಿಂದ ತಂದುಕೊಟ್ಟ ಗಿಡ ಹಾಕಿ ತುಂಬಾ ವರ್ಷ ಆಯಿತು. ಸವರುವುದೇ ಇಲ್ಲ, ಆದರೂ ಹಣ್ಣಿಲ್ಲ. ಮಳೆಗಾಲದಲ್ಲಿ ಎಲೆ ತುಂಬಾ ಕಪ್ಪು ಚುಕ್ಕೆ ಬೇರೆ. ಏನು ಮಾಡಲಿ?

ಬಸವನಗುಡಿ_ಹಿತ್ತಲು

ನಿಮಗೆ ನೇರವಾಗಿಯೇ ಹೇಳುತ್ತೇನೆ. ಇದು ಚೀನಾದ ಬೆಟ್ಟ ಸೀಮೆಯ ಮರ. ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲೆ ಇದಕ್ಕೆ ಹಿತ. ಬೆಂಗಳೂರು ಸರಿಸುಮಾರು ಆ ಎತ್ತರದಲ್ಲೇ ಇದೆ, ಚಳಿಗಾಲದ ರಾತ್ರಿ ತಂಪಾಗುತ್ತದೆ. ಅದಕ್ಕೇ ಇಲ್ಲಿನ ಹಳೆಯ ಬಡಾವಣೆಗಳ ಕಾಂಪೌಂಡುಗಳಲ್ಲಿ ಚೆನ್ನಾಗಿ ಬಂದಿದೆ. ಕರಾವಳಿಯ ಸೆಕೆ, ತೇವದಲ್ಲಿ ಅಂದದ ಮರವಾಗಿ ಬೆಳೆಯುತ್ತದೆ, ಹಣ್ಣಿನ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಚುಕ್ಕೆ ಬಂದ ಎಲೆ ಆರಿಸಿ ಸುಟ್ಟುಬಿಡಿ, ಒಳಗೆ ಗಾಳಿ ಆಡುವಂತೆ ರೆಂಬೆ ತೆಳುವಾಗಿಸಿ. ಸದಾ ಹಸಿರಾಗಿರುವ, ಹಣ್ಣೂ ಕೊಡುವ ಮರ ನಿಮ್ಮ ಅಂಗಳಕ್ಕೆ ಬೇಕಿದ್ದರೆ ಪುನರ್ಪುಳಿ ಇದೆಯಲ್ಲ. ಎಳೆ ಎಲೆ ಕೆಂಪಾಗಿ ಚಿಗುರಿದಾಗ ಅದಕ್ಕೆ ಸಮ ಇಲ್ಲ. ಅದರಲ್ಲಿ ಮಾತ್ರ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಇರುತ್ತದೆ. ಆದ್ದರಿಂದ ಹೆಣ್ಣು ಮರದ ಕಸಿ ಗಿಡವನ್ನೇ ಕೇಳಿ ತನ್ನಿ.

ಸ್ಯಾನ್‌ಹೋಸೆ_ಕನ್ನಡತಿ

ಈ ಚರ್ಚೆ ಓದಿ ತುಂಬಾ ಸಂತೋಷ. ಕ್ಯಾಲಿಫೋರ್ನಿಯಾದಲ್ಲಿ ನಾವು ಕೊಂಡ ಮನೆಯ ಹಿತ್ತಲಲ್ಲಿ ಇದೇ ಮರ ಇತ್ತು. ಇಲ್ಲಿ ಬೀದಿ ಬದಿಯಲ್ಲೂ ಅಂದಕ್ಕೆಂದು ನೆಟ್ಟಿರುತ್ತಾರೆ, ಹಣ್ಣು ಉದುರಿ ಕಾಲುದಾರಿಯೆಲ್ಲ ಅಂಟಾಗಿದ್ದರೂ ಎಷ್ಟೋ ಜನ ತಿನ್ನುವುದಿಲ್ಲ. ನಮಗೆ ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ.

ಎರಡು ವಿಷಯ ಸೇರಿಸುತ್ತೇನೆ. ತಣ್ಣನೆಯ ದೇಶದಲ್ಲಿ ಬೆಳೆಸುವ ಕನ್ನಡಿಗರು ಯಾರಾದರೂ ಓದುತ್ತಿದ್ದರೆ: ದೊಡ್ಡ ಮರ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೂ ತಡೆದುಕೊಳ್ಳುತ್ತದೆ, ಆದರೆ ಹೂ, ಕಾಯಿ ಇರುವುದು ಚಳಿಗಾಲದಲ್ಲಿ. ಮೈನಸ್ ಮೂರು ನಾಲ್ಕು ಡಿಗ್ರಿ ಆದರೆ ಎಳೆಗಾಯಿ ಒಳಗೆ ಕಪ್ಪಾಗಿ ಉದುರುತ್ತದೆ. ಇನ್ನೊಂದು, ಇಲ್ಲಿ ಬೆಂಕಿ ರೋಗ ಇದೆ. ಸೇಬು, ಪೇರ್ ಮರಗಳಿಗೂ ಬರುವ ಬ್ಯಾಕ್ಟೀರಿಯಾ. ರೆಂಬೆಯ ತುದಿ ಸುಟ್ಟ ಹಾಗೆ ಕಪ್ಪಾಗಿ ಬಾಗುತ್ತದೆ. ಕಪ್ಪಾದ ಜಾಗದಿಂದ ಒಂದು ಅಡಿ ಕೆಳಗೆ ಕತ್ತರಿಸಬೇಕು, ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು.

ನಮ್ಮ ಅಮ್ಮ ಇಲ್ಲಿಗೆ ಬಂದಾಗ ಇದರ ಗೊಜ್ಜು ಮಾಡುತ್ತಾರೆ. ಸ್ವಲ್ಪ ಹುಳಿ ಉಳಿದ ಹಣ್ಣು, ಬೆಲ್ಲ, ಸಾರಿನಪುಡಿ, ಸಾಸಿವೆ ಕರಿಬೇವಿನ ಒಗ್ಗರಣೆ. ಅನಾನಸ್ ಗೊಜ್ಜಿಗಿಂತ ನನಗೆ ಇದೇ ಇಷ್ಟ. ಸಿಪ್ಪೆಯನ್ನು ತೊಟ್ಟಿನ ಎದುರು ತುದಿಯಿಂದ ಎಳೆದರೆ ಸುಲಭವಾಗಿ ಬರುತ್ತದೆ.

ತುಮಕೂರು_ತೋಟ

ಅಕ್ಕ, ಬೇಜಾರೇನೂ ಇಲ್ಲ. ಮೊಳೆ ಮಾತು ವಾಪಸ್. ನನಗೂ ಒಂದು ಗಿಡ ಹಾಕುವ ಆಸೆ ಬಂದಿದೆ. ಬೀಜ ಹಾಕಲಾ, ಕಸಿ ತರಲಾ? ಮನೆ ಮುಂದೆ ಜಾಗ ಕಡಿಮೆ, ಡ್ರಮ್ಮಿನಲ್ಲಿ ಬರುತ್ತದಾ?

ಬಸವನಗುಡಿ_ಹಿತ್ತಲು

ಹಣ್ಣಿಗಾದರೆ ಕಸಿಯೇ ತನ್ನಿ, ಎರಡು ಮೂರು ವರ್ಷಕ್ಕೆ ಹೂ ನೋಡಬಹುದು. ಕೊಳ್ಳುವಾಗ ಬಗ್ಗಿ ಕಾಂಡದ ಗುರುತು ನೋಡದೆ ದುಡ್ಡು ಕೊಡಬೇಡಿ. ಎಲ್ಲೂ ಸಿಗದಿದ್ದರೆ ಬೀಜದಿಂದಲೇ ಗಿಡ ಎಬ್ಬಿಸಿ, ಅದು ಪೆನ್ಸಿಲ್ ದಪ್ಪ ಆದ ಮೇಲೆ ಚೆನ್ನಾಗಿ ಹಣ್ಣು ಬಿಡುವ ಮರದ ರೆಂಬೆ ತಂದು ಕಸಿ ಕಟ್ಟಿ. ಬೀಜವನ್ನು ಒಣಗಿಸಿ ಇಡಬೇಡಿ, ಬೇಗ ಸತ್ತುಹೋಗುತ್ತದೆ. ಹಣ್ಣು ತಿಂದ ದಿನವೇ ತೊಳೆದು ಮಣ್ಣಿಗೆ ಹಾಕಿದರೆ ಕೆಲವೇ ವಾರದಲ್ಲಿ ಮೊಳೆಯುತ್ತದೆ.

ಡ್ರಮ್ಮಿನಲ್ಲೂ ಬರುತ್ತದೆ. ನೂರು ಲೀಟರಿನ ನೀಲಿ ಡ್ರಮ್ಮು, ಕೆಳಗೆ ತೂತು, ತಳದಲ್ಲಿ ಇಟ್ಟಿಗೆ ಚೂರು. ನೀರು ನಿಂತರೆ ಬೇರು ಕೊಳೆಯುತ್ತದೆ. ಏಪ್ರಿಲ್ ತಿಂಗಳ ಪಶ್ಚಿಮದ ಬಿಸಿಲು ನೇರವಾಗಿ ಬೀಳದ ಕಡೆ ಇಡಿ. ತುಮಕೂರಿನ ಬಿಸಿಗಾಳಿಗೆ ಎಲೆಯ ಅಂಚು ಸುಡುತ್ತದೆ. ನೆಲದಲ್ಲೇ ಹಾಕುವುದಾದರೆ ಗೋಡೆಯಿಂದ ಹತ್ತು ಅಡಿ ಬಿಡಿ.

ಆರ್‌ಆರ್‌ನಗರ_ಮನೆ

ಪಾತಿ ಮಾಡಿಸಿದ್ದಾಯಿತು. ಹುಳದ ತೂತು ಒಂದಲ್ಲ, ಎರಡಿತ್ತು. ಎರಡಕ್ಕೂ ಹತ್ತಿ ಇಟ್ಟು ಮಣ್ಣು ಮೆತ್ತಿದ್ದೇವೆ. ಮೊದಲ ಗೊಂಚಲಿನ ಕೆಳಗಿನ ಹೂ ನಿನ್ನೆ ಅರಳಿದೆ. ಗೇಟಿನ ಕಡೆ ದಪ್ಪ ಅನಿಸಿದ ತುದಿಗಳೂ ಮೊಗ್ಗೇ ಅಂತ ಈಗ ಖಾತ್ರಿಯಾಯಿತು. ಆಯುಧಪೂಜೆಗೆ ಬಾಳೆಕಂದನ್ನು ಈ ಸಲ ಗೇಟಿನ ಎಡಗಡೆ ಕಂಬಕ್ಕೆ ಮಾತ್ರ ಕಟ್ಟುವುದು ಅಂತ ಮಾವನವರೇ ಹೇಳಿದ್ದಾರೆ, ಬಲಗಡೆ ಕಟ್ಟಲು ಹೋದರೆ ರೆಂಬೆ ಮುರಿಯುತ್ತದಂತೆ. ಮನೆಯಲ್ಲಿ ಹಳೆಯ ಪಂಚೆ ಹುಡುಕುತ್ತಿದ್ದೇನೆ. ಚೀಲ ಎಷ್ಟು ದೊಡ್ಡದು ಹೊಲಿಯಲಿ ಮೇಡಂ?

ಬಸವನಗುಡಿ_ಹಿತ್ತಲು

ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದ. ಗೊಂಚಲಿನ ಜೊತೆ ಸುತ್ತಲಿನ ನಾಲ್ಕೈದು ಎಲೆಯೂ ಒಳಗೆ ಸೇರಲಿ, ಇಲ್ಲದಿದ್ದರೆ ಬಟ್ಟೆ ಹಣ್ಣಿಗೆ ಉಜ್ಜಿ ಕಲೆಯಾಗುತ್ತದೆ. ಬಾಯಿಗೆ ಲಾಡಿ ಹಾಕಿ ಹೊಲಿಯಿರಿ, ತೊಟ್ಟಿಗೆ ಸಡಿಲವಾಗಿ ಕಟ್ಟಲು ಸುಲಭ. ಈಗಲೇ ಕಟ್ಟಬೇಡಿ, ಜೇನು ಒಳಗೆ ಹೋಗಬೇಕು. ಎಸಳು ಎಲ್ಲ ಉದುರಿ, ಕಾಯಿ ತೆಳುವಾಗಿಸಿದ ದಿನವೇ ಕಟ್ಟಿ.